ಮುಚ್ಚಿದ ಅಂಗಡಿಯ ಖಾತೆ ಪುಸ್ತಕದಲ್ಲಿ ನನ್ನ ಬಾಕಿಯೂ ಇತ್ತು

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಒಂದು ಮೋಟರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರ್‌ಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ, ಮುಚ್ಚಿತು. 22 ವರ್ಷ ನಡೆದ ಅಂಗಡಿ. ಕೊನೆಯ ಸಲ ಷಟರ್ ಎಳೆದ ದಿನವೂ ಕಟ್ಟೆಯ ಮೇಲೆ ರೈತರ ಮೂರು ಸುಟ್ಟ ಮೋಟರ್ ಕೂತಿದ್ದವು. ಒಂದಕ್ಕೆ ದಾರದಲ್ಲಿ ಚೀಟಿ ಕಟ್ಟಿತ್ತು, ಅದರ ಮೇಲೆ ಊರ ಹೆಸರು, ಕೆಳಗೆ ‘ಅರ್ಜೆಂಟ್’ ಅಂತ ಬರೆದಿತ್ತು. ಅಂದರೆ ಕೆಲಸ ಇತ್ತು. ತಾಮ್ರದ ತಂತಿ ತರಲು ದುಡ್ಡು ಇರಲಿಲ್ಲ. ಹಳೇ ಬಾಕಿ ತೀರುವವರೆಗೆ ಒಂದು ಕೆಜಿ ತಂತಿಯನ್ನೂ ಕೊಡುವುದಿಲ್ಲ ಎಂದು ತಂತಿ ಅಂಗಡಿಯವರು ಹೇಳಿಬಿಟ್ಟಿದ್ದರು. ಅವರದೂ ತಪ್ಪಿಲ್ಲ, ಅವರಿಗೂ ಮೇಲಿನವರು ಹಾಗೇ ಹೇಳಿರುತ್ತಾರೆ.

ಅಂಗಡಿ ಖಾಲಿ ಮಾಡುವಾಗ ಆ ಅಣ್ಣ ತಮ್ಮ ಖಾತೆ ಪುಸ್ತಕ ತೆಗೆದು ನನಗೆ ತೋರಿಸಿದರು. ಅವರು ಕೊಡಬೇಕಾದದ್ದು ಸುಮಾರು 60 ಸಾವಿರ. ಅವರಿಗೆ ಬರಬೇಕಾದದ್ದು 1 ಲಕ್ಷದ 40 ಸಾವಿರ. ಕೊಡಬೇಕಾದದ್ದರ ಎರಡು ಪಟ್ಟಿಗಿಂತ ಜಾಸ್ತಿ ಬರಬೇಕಿತ್ತು, ಆದರೂ ಮುಚ್ಚಬೇಕಾಯಿತು. ಹಾಳೆ ತಿರುವುತ್ತಾ ಹೋದಾಗ ನನ್ನ ಅಂಗಡಿ ಹೆಸರೂ ಸಿಕ್ಕಿತು. 6,500 ರೂಪಾಯಿ. ಎರಡು ಪಂಪಿನ ರಿವೈಂಡಿಂಗ್ ಮಾಡಿಸಿದ್ದು, ಎಂಟು ತಿಂಗಳ ಹಿಂದಿನದು. ನಾನು ಮರೆತೇ ಹೋಗಿದ್ದೆ. ಅವರು ಕೇಳಿರಲಿಲ್ಲ. ‘ನಿಮಗೇನ್ ಕೇಳೋದು ಅಂತ ಬಿಟ್ಟೆ ಅಕ್ಕಾ’ ಅಂದರು. ಆ ಮಾತು ಕೇಳಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ದಾವಣಗೆರೆಯ ಮಂಡಿಪೇಟೆ ಹತ್ತಿರ ನಮ್ಮದು ಪೈಪು, ಪಂಪ್‌ಸೆಟ್ ಸಾಮಾನು, ಹಾರ್ಡ್‌ವೇರ್ ಅಂಗಡಿ. ಅಪ್ಪ ಶುರು ಮಾಡಿದ್ದು. ಅವರಿಗೆ ಕಾಲು ನೋವು ಜಾಸ್ತಿಯಾದ ಮೇಲೆ, 17 ವರ್ಷದಿಂದ, ಗಲ್ಲಾ ಮೇಲೆ ನಾನೇ ಕೂರುತ್ತಿದ್ದೇನೆ. ನಮ್ಮ ಪೇಟೆಯ ವ್ಯಾಪಾರ ಎಲ್ಲಾ ಮೆಕ್ಕೆಜೋಳ, ಭತ್ತ, ಅಡಿಕೆ ಮೇಲೆ ನಿಂತಿರುವುದು. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಬಟ್ಟೆ ಅಂಗಡಿಯಿಂದ ಬೆಣ್ಣೆ ದೋಸೆ ಹೋಟೆಲ್‌ವರೆಗೆ ಎಲ್ಲರಿಗೂ ಬರುತ್ತದೆ. 2025ರ ಮುಂಗಾರಿನ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಕಾಗದದಲ್ಲಿ ಇತ್ತು. ಪೇಟೆಯಲ್ಲಿ ರೈತರು ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರಿ ಹೋದರು. ಆವತ್ತಿಂದ ಎಲ್ಲಾ ಡಲ್. ಬೆಳಿಗ್ಗೆ ಅಂಗಡಿ ತೆಗೆದು ಊದಿನಕಡ್ಡಿ ಹಚ್ಚಿ ಕೂತರೆ ಹನ್ನೊಂದಾದರೂ ಬೋಣಿ ಆಗದ ದಿನಗಳಿವೆ.

ಇಂಥ ಹೊತ್ತಲ್ಲಿ ಯಾರನ್ನು ಕೇಳಿದರೂ ‘ವ್ಯಾಪಾರ ಇಲ್ಲ’ ಎನ್ನುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಆದರೆ 2023ರ ಬರ ನನಗೆ ಬೇರೆಯದನ್ನೇ ತೋರಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕಿನಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಬೋರ್‌ವೆಲ್ ಬತ್ತಿದ ಕಡೆ ಇನ್ನೂ ಆಳಕ್ಕೆ ಕೊರೆಸಿದರು. ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಟ್ಯಾಂಕರ್‌ನಲ್ಲಿ ನೀರು ಹೊಡೆದರು. ಅಂದರೆ ನಮ್ಮ ಅಂಗಡಿಯಲ್ಲಿ ಪೈಪು, ಕೇಬಲ್, ಮೋಟರ್ ಎಲ್ಲಾ ಬೇರೆ ವರ್ಷಕ್ಕಿಂತ ಜಾಸ್ತಿಯೇ ಹೋಯಿತು! ಆದರೆ ಎಲ್ಲಾ ಉದ್ರಿ. ಬೇಡ ಅನ್ನೋಕೆ ಆಗುತ್ತಾ? ತೋಟ ಒಣಗುತ್ತಿದೆ ಎಂದು ಕಣ್ಣಲ್ಲಿ ನೀರು ಇಟ್ಟುಕೊಂಡು ಬಂದ ಹಳೇ ಗಿರಾಕಿಗೆ ಇಲ್ಲ ಎನ್ನಲು ನನ್ನ ಬಾಯಿ ಬರಲಿಲ್ಲ. ಮಾಲು ಹೋಗುತ್ತಾ ಇತ್ತು, ಪುಸ್ತಕ ತುಂಬುತ್ತಾ ಇತ್ತು, ಗಲ್ಲಾ ಮಾತ್ರ ಖಾಲಿ. ವ್ಯಾಪಾರ ಚೆನ್ನಾಗಿ ನಡೆಯುತ್ತಾ ಇರುವಾಗಲೇ ಅಂಗಡಿ ಮುಳುಗಬಹುದು ಎಂದು ನನಗೆ ಗೊತ್ತಾಗಿದ್ದು ಆಗಲೇ.

ಅಪ್ಪನಿಗೆ ಇದು ಹೊಸದಲ್ಲ. ಒಂದು ಕಾಲಕ್ಕೆ ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು, ಅಷ್ಟು ಹತ್ತಿ ಗಿರಣಿಗಳಿದ್ದವು. ಅಪ್ಪನ ಮೊದಲ ಅಂಗಡಿ ಒಂದು ಗಿರಣಿಯ ಹತ್ತಿರವೇ ಇತ್ತು. ಗಿರಣಿ ಕಾರ್ಮಿಕರು ತಿಂಗಳಿಡೀ ಉದ್ರಿ ಬರೆಸಿ ಸಂಬಳದ ದಿನ ತಂದು ಕೊಡುತ್ತಿದ್ದರು. ಕಿರಾಣಿ, ಟೀ ಅಂಗಡಿ, ಸೈಕಲ್ ಶಾಪ್, ಕ್ಷೌರದ ಅಂಗಡಿ, ಎಲ್ಲರ ಲೆಕ್ಕವೂ ಆ ಒಂದೇ ದಿನಕ್ಕೆ ಕಾಯುತ್ತಿತ್ತು. ಒಂದೊಂದಾಗಿ ಗಿರಣಿಗಳು ನಿಂತವು. ಅಪ್ಪ ಹೇಳುತ್ತಾರೆ, ಮೊದಲ ಆರು ತಿಂಗಳು ಯಾರೂ ಯಾರ ಹತ್ತಿರವೂ ಮಾತಾಡಲೇ ಇಲ್ಲ ಅಂತ. ಬಾಕಿ ಇದ್ದವರು ಬೇರೆ ರಸ್ತೆ ಹಿಡಿದು ಹೋಗುತ್ತಿದ್ದರು. ಕೇಳಬೇಕಾದವರು ಹೇಗೆ ಕೇಳುವುದು ಎಂದು ಸುಮ್ಮನಿದ್ದರು. ಹಾಗೆ ಸುಮ್ಮನಿದ್ದೇ ಎಷ್ಟೋ ಅಂಗಡಿ ಹೋದವು. ಸಾಲ ಕೊಟ್ಟವರ ಕಾಟಕ್ಕಿಂತ ಬಾಕಿ ಇಟ್ಟವರ ಮೌನ ಕೆಟ್ಟದ್ದು ಎಂದು ಅಪ್ಪ ಈಗಲೂ ಅನ್ನುತ್ತಾರೆ.

ಬರದ ವರ್ಷ ದಾರಿ ತೋರಿಸಿದ್ದೂ ಅವರೇ. 2024ರ ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ ಇತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆಮನೆಗೆ ನೆಂಟರು ಬರುತ್ತಾರೆ, ಖರ್ಚು ತಪ್ಪಿಸುವ ಹಾಗಿಲ್ಲ. ಪೇಟೆಯಲ್ಲಿ ಎಲ್ಲರೂ ಎಲ್ಲರಿಗೂ ಫೋನ್ ಮಾಡಿ ಹಳೇ ಬಾಕಿ ಕೇಳುತ್ತಿದ್ದರು, ಯಾರೂ ಕೊಡುತ್ತಿರಲಿಲ್ಲ. ಆಗ ಅಪ್ಪ ‘ಫೋನ್ ಬಿಡಮ್ಮ, ಎಲ್ಲರನ್ನೂ ಪುಸ್ತಕ ತಗೊಂಡು ಬರೋಕೆ ಹೇಳು’ ಅಂದರು. ಅಮಾವಾಸ್ಯೆ ದಿನ, ಪೂಜೆ ಮುಗಿಸಿ ಎಲ್ಲರೂ ಬೇಗ ಅಂಗಡಿ ಮುಚ್ಚುತ್ತಾರೆ. ಅವತ್ತು ಸಂಜೆ ನಮ್ಮ ಗೋಡೌನ್‌ನಲ್ಲಿ ಪೈಪಿನ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ ಜಮಖಾನ ಹಾಸಿದೆವು. ಒಂಬತ್ತು ಅಂಗಡಿಯವರು ಬಂದರು. ವೆಲ್ಡಿಂಗ್ ಶಾಪಿನವರು, ಪೇಂಟ್ ಅಂಗಡಿಯವರು, ಪ್ರಿಂಟಿಂಗ್ ಪ್ರೆಸ್‌ನವರು, ಟೀ ಅಂಗಡಿ ಅಜ್ಜ, ಗೂಡ್ಸ್ ಆಟೋ ಇಟ್ಟವರು, ಮಂಡಕ್ಕಿ ಭಟ್ಟಿಯವರು, ಈ ಮೋಟರ್ ರಿವೈಂಡಿಂಗ್ ಅಣ್ಣ, ಇನ್ನೊಬ್ಬರು ಎಲೆಕ್ಟ್ರಿಕಲ್ ಅಂಗಡಿಯವರು, ಮತ್ತೆ ನಾವು.

ಮೊದಲ ಅರ್ಧ ಗಂಟೆ ಯಾರೂ ಪುಸ್ತಕ ಬಿಚ್ಚಲಿಲ್ಲ. ನಾಚಿಕೆ. ತನ್ನ ಬಾಕಿ ಇನ್ನೊಬ್ಬರಿಗೆ ಕಾಣುತ್ತದಲ್ಲ ಎಂಬ ಸಂಕೋಚ. ಟೀ ಅಂಗಡಿ ಅಜ್ಜನೇ ಮೊದಲು ತಮ್ಮ ಸಣ್ಣ ನೋಟ್‌ಬುಕ್ ತೆಗೆದು ಮಂಡಕ್ಕಿ, ಮಿರ್ಚಿ ತಟ್ಟೆಯ ಪಕ್ಕ ಇಟ್ಟರು. ಒಂಬತ್ತರಲ್ಲಿ ಏಳು ಅಂಗಡಿಯವರು ಅವರಿಗೆ ಬಾಕಿ ಇದ್ದೆವು. ಟೀ ಬಾಕಿ! ಒಬ್ಬೊಬ್ಬರದು ಸಾವಿರ, ಎರಡು ಸಾವಿರ. ಎಲ್ಲಾ ಸೇರಿದರೆ ಆ ಅಜ್ಜನಿಗೆ ಒಂದು ತಿಂಗಳ ಹಾಲಿನ ದುಡ್ಡು. ಅದನ್ನು ಅಲ್ಲೇ ಎಲ್ಲರೂ ಜೇಬಿನಿಂದ ತೆಗೆದು ಕೊಟ್ಟೆವು. ಆಮೇಲೆ ಮಾತು ಶುರುವಾಯಿತು.

ಆ ಸಂಜೆ ಏನು ಮಾಡಿದೆವು ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರು ಬೇಕಾದರೂ ಮಾಡಬಹುದು. ನಾನು ವೆಲ್ಡಿಂಗ್ ಶಾಪಿನವರಿಗೆ 18 ಸಾವಿರ ಕೊಡಬೇಕಿತ್ತು, ಅಂಗಡಿಗೆ ರ‍್ಯಾಕ್ ಮಾಡಿಸಿದ್ದು. ಅವರು ಪೇಂಟ್ ಅಂಗಡಿಗೆ 22 ಸಾವಿರ ಕೊಡಬೇಕಿತ್ತು. ಪೇಂಟ್ ಅಂಗಡಿಯವರು ಮನೆ ಕಟ್ಟಿಸುವಾಗ ನಮ್ಮಲ್ಲಿ ಪೈಪು ತಗೊಂಡಿದ್ದರು, ಅವರಿಂದ ನನಗೆ 15 ಸಾವಿರ ಬರಬೇಕಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾ ‘ಅವರು ಕೊಟ್ಟರೆ ನಾನು ಕೊಡ್ತೀನಿ’ ಎಂದು ತಿಂಗಳುಗಟ್ಟಲೆ ಕೂತಿದ್ದೆವು. ಮೂರು ಪುಸ್ತಕದಲ್ಲೂ 15 ಸಾವಿರ ಹೊಡೆದು ಹಾಕಿದೆವು. ಪೇಂಟ್ ಅಂಗಡಿಯವರ ಲೆಕ್ಕ ನನಗೆ ಚುಕ್ತಾ. ನಾನು ವೆಲ್ಡಿಂಗ್‌ನವರಿಗೆ ಕೊಡಬೇಕಾದದ್ದು 3 ಸಾವಿರ. ಅವರು ಪೇಂಟ್ ಅಂಗಡಿಗೆ ಕೊಡಬೇಕಾದದ್ದು 7 ಸಾವಿರ. 55 ಸಾವಿರದ ಬಾಕಿ 10 ಸಾವಿರಕ್ಕೆ ಬಂತು, ಒಂದು ನೋಟೂ ಕೈ ಬದಲಾಗದೆ.

ಹೀಗೇ ಒಂಬತ್ತೂ ಪುಸ್ತಕ ಹಿಡಿದು ರಾತ್ರಿ ಹತ್ತೂವರೆವರೆಗೆ ಕೂತೆವು. ನಮ್ಮ ಮಗಳು ದೊಡ್ಡ ಹಾಳೆ ಮೇಲೆ ಗೆರೆ ಎಳೆದು ಯಾರಿಂದ ಯಾರಿಗೆ ಎಂದು ಬಾಣ ಹಾಕುತ್ತಾ ಹೋದಳು. ಕೂತಾಗ ನಮ್ಮ ನಮ್ಮ ನಡುವೆಯೇ 4 ಲಕ್ಷದ 60 ಸಾವಿರ ಬಾಕಿ ಇತ್ತು. ಏಳುವಾಗ 1 ಲಕ್ಷದ 70 ಸಾವಿರ ಉಳಿದಿತ್ತು. ಅದನ್ನು ಯಾರು ಯಾವ ತಿಂಗಳು ಕೊಡುವುದು ಎಂದೂ ಬರೆದುಕೊಂಡೆವು. ಬಿಲ್ಲು, ತೆರಿಗೆ ಯಾವುದನ್ನೂ ಮುಟ್ಟಲಿಲ್ಲ, ಬಾಕಿಯನ್ನು ಮಾತ್ರ ಒಂದಕ್ಕೊಂದು ಹೊಂದಿಸಿದ್ದು. ಮರುದಿನ ನಮ್ಮ ಆಡಿಟರನ್ನು ಕೇಳಿ, ಹೀಗೆ ಹೊಂದಿಸಿದ್ದಕ್ಕೆ ಒಬ್ಬೊಬ್ಬರೂ ಸಹಿ ಮಾಡಿದ ಕಾಗದ ಇಟ್ಟುಕೊಂಡೆವು. ಇದು ಮುಖ್ಯ. ಬಾಯಿ ಮಾತಿನಲ್ಲಿ ಬಿಟ್ಟರೆ ನಾಳೆ ಜಗಳ.

ದುಡ್ಡಿಗಿಂತ ದೊಡ್ಡದು ಇನ್ನೊಂದು ಆಯಿತು. ಯಾರಿಗೆ ಎಷ್ಟು ಕಷ್ಟ ಇದೆ ಎಂದು ಗೊತ್ತಾಯಿತು. ಪ್ರೆಸ್‌ನವರ ಮಗಳ ಕಾಲೇಜು ಫೀಸಿಗೆ ಇನ್ನು ಹತ್ತೇ ದಿನ ಇತ್ತು, ಅವರಿಗೆ ಮೊದಲು ಕೊಡೋಣ ಎಂದು ಎಲ್ಲರೂ ಒಪ್ಪಿದೆವು. ಎಲೆಕ್ಟ್ರಿಕಲ್ ಅಂಗಡಿಯವರೂ ನಾವೂ ಬೆಂಗಳೂರಿನ ಒಂದೇ ಕಡೆಯಿಂದ ಕೇಬಲ್ ತರಿಸುತ್ತಿದ್ದೆವು, ಬೇರೆ ಬೇರೆ ಪಾರ್ಸೆಲ್ ಲಾರಿಯಲ್ಲಿ, ಬೇರೆ ಬೇರೆ ಬಾಡಿಗೆ ಕೊಟ್ಟು! ಅಕ್ಕಪಕ್ಕದಲ್ಲೇ ಇದ್ದು ಹತ್ತು ವರ್ಷ ಇದು ಇಬ್ಬರಿಗೂ ಗೊತ್ತಿರಲಿಲ್ಲ. ಆವತ್ತಿಂದ ಒಟ್ಟಿಗೇ ತರಿಸುತ್ತೇವೆ. ನನ್ನಲ್ಲಿ ಇಲ್ಲದ ಸಾಮಾನು ಕೇಳಿ ಬಂದ ಗಿರಾಕಿಯನ್ನು ಬೆಂಗಳೂರಿಗೋ ಆನ್‌ಲೈನ್‌ಗೋ ಹೋಗಲು ಬಿಡದೆ ‘ಎರಡು ಅಂಗಡಿ ಆಚೆ ಇದೆ ನೋಡಿ’ ಎಂದು ಕಳಿಸುತ್ತೇನೆ, ಅವರೂ ನನ್ನ ಹತ್ತಿರ ಕಳಿಸುತ್ತಾರೆ.

ಮೂರು ಅಮಾವಾಸ್ಯೆ ಹಾಗೆ ಕೂತೆವು. ಆಮೇಲೆ 2024ರ ಮಳೆ ಚೆನ್ನಾಗಿ ಬಂತು, ಭದ್ರಾ ತುಂಬಿತು, ಗಲ್ಲಾದಲ್ಲಿ ದುಡ್ಡು ಓಡಾಡಿತು, ನಾವು ಕೂರುವುದನ್ನು ಬಿಟ್ಟೆವು. ಈ ವಾರ ಬೇಡ, ಮುಂದಿನ ತಿಂಗಳು ನೋಡೋಣ ಎನ್ನುತ್ತಾ ಒಂದೂವರೆ ವರ್ಷ ಕಳೆಯಿತು. ಮಧ್ಯೆ ಆ ರಿವೈಂಡಿಂಗ್ ಅಣ್ಣನ ಪುಸ್ತಕದಲ್ಲಿ ಬಾಕಿ ಏರುತ್ತಾ ಹೋಗಿದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಪುಸ್ತಕ ಬಿಚ್ಚಿ ಒಂದು ಸಂಜೆ ಕೂತಿದ್ದರೆ ನಮ್ಮ ಬೀದಿಯವರ ಬಾಕಿಯೇ 38 ಸಾವಿರ ಅವರಿಗೆ ಸಿಗುತ್ತಿತ್ತು, ತಂತಿ ಅಂಗಡಿಗೆ ಅರ್ಧಕ್ಕಿಂತ ಜಾಸ್ತಿ ಕಟ್ಟಬಹುದಿತ್ತು. ನಾನು ಇದನ್ನು ಮತ್ತೆ ಮತ್ತೆ ಲೆಕ್ಕ ಹಾಕಿ ನೋಡಿದ್ದೇನೆ.

ಮಗಳು ಹುಡುಕಿ ಓದಿ ಹೇಳಿದಳು, ನಾವು ಗೋಡೌನ್‌ನಲ್ಲಿ ಮಾಡಿದ್ದನ್ನು ಬೇರೆ ದೇಶಗಳಲ್ಲಿ ದೊಡ್ಡದಾಗಿ ಮಾಡಿದ್ದಾರಂತೆ. 1934ರಲ್ಲಿ, ಜಗತ್ತಿನ ತುಂಬಾ ಆರ್ಥಿಕ ಕುಸಿತ ಇದ್ದಾಗ, ಸ್ವಿಟ್ಜರ್‌ಲೆಂಡಿನಲ್ಲಿ 16 ಜನ ಸೇರಿ ವಿರ್ ಎಂಬ ಕೂಟ ಮಾಡಿಕೊಂಡರು. ಕೈಯಲ್ಲಿ ನಗದು ಇಲ್ಲದಿದ್ದರೂ ಸದಸ್ಯರ ಅಂಗಡಿಗಳು ಒಬ್ಬರಿಂದ ಒಬ್ಬರು ಮಾಲು ತಗೊಂಡು, ಕೂಟದ ಪುಸ್ತಕದಲ್ಲೇ ಜಮಾ ಖರ್ಚು ಬರೆದುಕೊಂಡು ವ್ಯಾಪಾರ ಮುಂದುವರಿಸಿದರು. ಅದು ಇವತ್ತಿಗೂ ಇದೆ, ಬ್ಯಾಂಕೇ ಆಗಿದೆ. ಸ್ಲೊವೇನಿಯಾ ಎಂಬ ಸಣ್ಣ ದೇಶದಲ್ಲಿ 1991ರಿಂದ ಕಂಪನಿಗಳ ಬಾಕಿಗಳನ್ನು ಹೀಗೆ ಸುತ್ತು ಹೊಂದಿಸಿ ತೀರಿಸುವ ಏರ್ಪಾಡು ಇದೆ. ನಮ್ಮ ಜಿಲ್ಲೆಯ ವರ್ತಕರ ಸಂಘಗಳು ಇದನ್ನು ಯಾಕೆ ಮಾಡಬಾರದು? ಒಂಬತ್ತು ಅಂಗಡಿಗೆ ಒಂದು ಹಾಳೆ ಸಾಕಾಯಿತು, ಒಂಬೈನೂರಕ್ಕೆ ಒಂದು ಕಂಪ್ಯೂಟರ್, ಲೆಕ್ಕ ಗೊತ್ತಿರುವ ಇಬ್ಬರು ಹುಡುಗರು ಸಾಕು.

ಈಗ ಕಾನೂನಿನ ಮಾತು. ಸಣ್ಣವರ ಬಾಕಿಗೆ ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ, ಅಂದರೆ ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ ಕಾಯ್ದೆ ಪ್ರಕಾರ, ನೋಂದಾಯಿಸಿಕೊಂಡ ಸಣ್ಣ ಉದ್ದಿಮೆಯಿಂದ ಮಾಲು ಅಥವಾ ಕೆಲಸ ತಗೊಂಡವರು ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. 2024ರಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ದಾರೆ, ಆ ಗಡುವು ಮೀರಿ ಬಾಕಿ ಇಟ್ಟರೆ ಕೊಂಡವರು ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ಜಿಎಸ್‌ಟಿಯಲ್ಲಿ 180 ದಿನ ಮೀರಿದರೆ ಕೊಂಡವರು ಪಡೆದ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿ ಮೇಲಿನ ತೆರಿಗೆಗೆ ಸಿಕ್ಕ ವಿನಾಯಿತಿ, ವಾಪಸ್ ಕಟ್ಟಬೇಕು. ತಡ ಮಾಡುವವರಿಗೂ ನಷ್ಟ ಇದೆ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ರಿವೈಂಡಿಂಗ್ ಅಂಗಡಿ ಈ ಕಾನೂನಿನ ಒಳಗೆ ಬರುತ್ತಿತ್ತು, ಅದು ಸೇವೆಯ ಕೆಲಸ. ಆದರೆ ಅವರು ಸಣ್ಣ ಉದ್ದಿಮೆಗಳಿಗೆ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಮಾಡಿಸಿಯೇ ಇರಲಿಲ್ಲ. ಆಧಾರ್, ಪಾನ್ ಇದ್ದರೆ ಆನ್‌ಲೈನ್‌ನಲ್ಲಿ ಆಗುತ್ತದೆ, ಒಂದು ಪೈಸೆ ಫೀಸ್ ಇಲ್ಲ. ಯಾರೋ ಏಜೆಂಟ್ ಎರಡು ಸಾವಿರ ಕೇಳಿದರಂತೆ, ಅದಕ್ಕೇ ಬಿಟ್ಟರಂತೆ. ದಯವಿಟ್ಟು ಇದನ್ನು ಓದುವವರು ಅಕ್ಕಪಕ್ಕದ ಗ್ಯಾರೇಜು, ಲೇತ್, ಟೈಲರ್ ಅಂಗಡಿಯವರಿಗೆ ಹೇಳಿ, ನೋಂದಣಿ ಉಚಿತ.

ಇನ್ನು ನನ್ನಂಥ ಅಂಗಡಿಯವರ ಕಥೆ ಬೇರೆ. 2021ರ ಜುಲೈನಲ್ಲಿ ಚಿಲ್ಲರೆ, ಸಗಟು ವ್ಯಾಪಾರಿಗಳೂ ಉದ್ಯಮ್‌ನಲ್ಲಿ ನೋಂದಾಯಿಸಬಹುದು ಎಂದರು. ಖುಷಿಯಾಗಿ ನಾನೂ ಮಾಡಿಸಿದೆ. ಆದರೆ ಅದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಮಾತ್ರ. 45 ದಿನದ ರಕ್ಷಣೆ ವ್ಯಾಪಾರಿಗೆ ಇಲ್ಲ. ಅಂದರೆ ಪೈಪು ಮಾಡುವ ಸಣ್ಣ ಕಾರ್ಖಾನೆಗೆ ನಾನು 45 ದಿನದಲ್ಲಿ ಕೊಡಬೇಕು, ಅದು ಸರಿಯೇ, ಕೊಡುತ್ತೇನೆ. ಅದೇ ಪೈಪನ್ನು ನನ್ನಿಂದ ತಗೊಂಡ ದೊಡ್ಡ ಕಾಂಟ್ರಾಕ್ಟರ್ ನನಗೆ ಒಂದು ವರ್ಷ ಬಿಟ್ಟು ಕೊಟ್ಟರೂ ಕೇಳುವವರಿಲ್ಲ. ಮಧ್ಯದಲ್ಲಿ ಸಿಕ್ಕಿಕೊಂಡವರು ನಾವು. ನಮ್ಮ ಸಂಸದರು, ವಾಣಿಜ್ಯ ಸಂಸ್ಥೆಗಳವರು ಈ ಒಂದು ವಿಷಯವನ್ನು ಹಿಡಿದುಕೊಂಡು ದೆಹಲಿಯಲ್ಲಿ ಕೇಳಲಿ. ಬೇರೆ ಸಬ್ಸಿಡಿ ಏನೂ ಬೇಡ, ಸಣ್ಣ ಅಂಗಡಿಯ ಬಾಕಿಯನ್ನೂ ಬಾಕಿ ಎಂದು ಲೆಕ್ಕಕ್ಕೆ ಇಡಿ, ಅಷ್ಟೇ.

ಕಾಂಟ್ರಾಕ್ಟರ್‌ಗಳನ್ನೇ ಪೂರ್ತಿ ಬೈಯಲೂ ನನಗೆ ಮನಸ್ಸಿಲ್ಲ. ಸರ್ಕಾರದಿಂದ ಬಿಲ್ ಬಂದಿಲ್ಲ ಎಂದು ಗುತ್ತಿಗೆದಾರರ ಸಂಘದವರು ಹೇಳುವ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಬಂದಿಲ್ಲ? ಮೇಲೆ ಕೋಟಿಗಟ್ಟಲೆ ಬಿಲ್ ನಿಂತರೆ ಕೆಳಗೆ ಅದು ಸಿಮೆಂಟ್ ಅಂಗಡಿ, ನಮ್ಮ ಪೈಪಿನ ಅಂಗಡಿ, ಜೆಸಿಬಿ ಡ್ರೈವರ್ ಬಾಟಾ, ಕೂಲಿಯವರ ವಾರದ ಸಂತೆಯವರೆಗೆ ಇಳಿದು ಬರುತ್ತದೆ. ಕಷ್ಟದ ಕಾಲದಲ್ಲಿ ಸರ್ಕಾರ ಹೊಸ ಯೋಜನೆ ಘೋಷಿಸುವ ಮೊದಲು ಸಣ್ಣ ಬಿಲ್ಲುಗಳನ್ನು ಮೊದಲು ಪಾಸ್ ಮಾಡಲಿ. ಎರಡು ಲಕ್ಷ, ಮೂರು ಲಕ್ಷದ ಬಿಲ್ಲುಗಳು. ಆ ದುಡ್ಡು ಒಂದೇ ವಾರದಲ್ಲಿ ಪೇಟೆಗೆ ಬರುತ್ತದೆ, ಇದನ್ನು ನಾನು ಗಲ್ಲಾ ಮೇಲೆ ಕೂತು ಕಣ್ಣಾರೆ ನೋಡಿದ್ದೇನೆ.

ಒಬ್ಬಂಟಿಯಾಗಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಜಿಎಸ್‌ಟಿ ನೋಟಿಸಿನ ಆ ದಿನಗಳನ್ನು ನೆನಪಿಸಿಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂತು ಎಂಬ ಸುದ್ದಿ ಎಲ್ಲರ ಮೊಬೈಲ್‌ನಲ್ಲೂ ಓಡಾಡಿತು. ನಮ್ಮ ಬೀದಿ ಕೊನೆಯ ತಳ್ಳುಗಾಡಿ ಹುಡುಗ ಹೆದರಿ ಕ್ಯೂಆರ್ ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆದು ಕಿತ್ತು ಹಾಕಿದ. ಅವನು ಮಾರುವುದು ಬಾಳೆಹಣ್ಣು, ಹಣ್ಣಿಗೆ ಜಿಎಸ್‌ಟಿಯೇ ಇಲ್ಲ. ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟುವವರೆಗೆ ನೋಂದಣಿಯೂ ಬೇಕಿಲ್ಲ. ಇದನ್ನು ಹೇಳುವವರೇ ಅವನಿಗೆ ಇರಲಿಲ್ಲ. ಹದಿನೈದು ದಿನ ಚಿಲ್ಲರೆ ಇಲ್ಲದೆ ಅರ್ಧ ಗಿರಾಕಿ ಕಳೆದುಕೊಂಡ. ಸಂಘ ಇದ್ದವರು ಒಟ್ಟಾಗಿ ಹೋಗಿ ಕೇಳಿದರು, ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆಸಿ ಮಾತಾಡಿ ಹಳೆಯದನ್ನು ವಸೂಲಿ ಮಾಡುವುದಿಲ್ಲ ಎಂದರು. ಅಷ್ಟರಲ್ಲಿ ಆ ಹುಡುಗನ ಬಾಳೆಹಣ್ಣು ಎಷ್ಟೋ ಕೊಳೆತು ಹೋಗಿತ್ತು.

ಬ್ಯಾಂಕಿನ ಬಗ್ಗೆ ಒಂದೇ ಮಾತು, ಆದರೆ ಬಹಳ ಜನರಿಗೆ ಗೊತ್ತಿಲ್ಲದ್ದು. ಕಂತು 90 ದಿನ ತಪ್ಪಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ, ಆಮೇಲೆ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಆದರೆ ಅದಕ್ಕೂ ಮೊದಲೇ, ಕಷ್ಟ ಕಾಣುತ್ತಿದೆ ಎಂದಾಗಲೇ, ನೀವೇ ಬ್ಯಾಂಕಿಗೆ ಬರೆದು ಕೊಡಬಹುದು. 25 ಕೋಟಿವರೆಗಿನ ಎಂಎಸ್‌ಎಂಇ ಸಾಲಗಾರರ ಅರ್ಜಿ ನೋಡಲು ಬ್ಯಾಂಕುಗಳು ಸಮಿತಿ ಮಾಡಬೇಕು, ಕಂತು ಮರುಹೊಂದಿಸಬಹುದೇ ಎಂದು ನೋಡಬೇಕು ಎಂದು 2016ರಲ್ಲೇ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಬರೆದು, ನಕಲಿನ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ. ಒಬ್ಬರೇ ಹೋಗಲು ಧೈರ್ಯ ಇಲ್ಲದಿದ್ದರೆ ಪಕ್ಕದ ಅಂಗಡಿಯವರನ್ನು ಕರೆದುಕೊಂಡು ಹೋಗಿ.

ಗಿರಾಕಿಗಳಿಗೂ ಒಂದು ಮಾತು ಹೇಳಲೇಬೇಕು. ಆನ್‌ಲೈನ್‌ನಲ್ಲಿ ತಗೋಬೇಡಿ ಎಂದು ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ತರಿಸುತ್ತಾರೆ. ಆದರೆ ಆನ್‌ಲೈನ್‌ನಲ್ಲಿ ಮೊದಲು ದುಡ್ಡು ಕಟ್ಟಿ ಆಮೇಲೆ ಮಾಲಿಗೆ ಕಾಯುವವರು, ಪಕ್ಕದ ಅಂಗಡಿಯಲ್ಲಿ ಮೊದಲು ಮಾಲು ತಗೊಂಡು ಆಮೇಲೆ ದುಡ್ಡಿಗೆ ಕಾಯಿಸುತ್ತೀರಿ. ನಿಮ್ಮ ಹೊಲಿಗೆ ಅಂಗಡಿಯಲ್ಲಿ, ಹಾಲಿನವರ ಹತ್ತಿರ, ಕಿರಾಣಿಯಲ್ಲಿ, ಇಸ್ತ್ರಿಯವರಲ್ಲಿ ನಿಮ್ಮ ಬಾಕಿ ಎಷ್ಟಿದೆ ಎಂದು ಈ ವಾರ ಒಮ್ಮೆ ಕೇಳಿ ನೋಡಿ. 300 ಇರಬಹುದು, 800 ಇರಬಹುದು. ನಿಮಗೆ ಅದು ಸಣ್ಣದು. ಅವರಾಗಿ ಅವರು ಕೇಳುವುದಿಲ್ಲ, ಗಿರಾಕಿ ತಪ್ಪಿ ಹೋದಾರು ಎಂಬ ಭಯ ಅವರಿಗೆ ಇದ್ದೇ ಇರುತ್ತದೆ.

ನನ್ನ 6,500 ರೂಪಾಯಿಯನ್ನು ಅವತ್ತೇ ಕೊಟ್ಟೆ. ಆ ಅಣ್ಣ ಈಗ ಹರಿಹರದಲ್ಲಿ ಬೇರೆಯವರ ಅಂಗಡಿಯಲ್ಲಿ ದಿನಗೂಲಿಗೆ ರಿವೈಂಡಿಂಗ್ ಮಾಡುತ್ತಿದ್ದಾರೆ. ಬೀದಿಯವರ ಬಾಕಿ 38 ಸಾವಿರದಲ್ಲಿ ಇಲ್ಲಿಯವರೆಗೆ 29 ಸಾವಿರ ಒಟ್ಟು ಮಾಡಿದ್ದೇವೆ. ತಂತಿ ಅಂಗಡಿಯವರ ಹತ್ತಿರ ಅಪ್ಪನೇ ಹೋಗಿ ಮಾತಾಡಿ ಬಂದಿದ್ದಾರೆ, ಅರ್ಧ ಕಟ್ಟಿದರೆ ಮತ್ತೆ ಮಾಲು ಕೊಡುತ್ತೇವೆ ಎಂದಿದ್ದಾರೆ. ರಿವೈಂಡಿಂಗ್ ಅಣ್ಣನ ಹಳೇ ಮಳಿಗೆಗೆ ಇನ್ನೂ ಯಾರೂ ಬಾಡಿಗೆಗೆ ಬಂದಿಲ್ಲ.

ಬರುವ ಅಮಾವಾಸ್ಯೆ ಸಂಜೆ ಆರೂವರೆಗೆ ನಮ್ಮ ಗೋಡೌನ್‌ನಲ್ಲಿ ಮತ್ತೆ ಕೂರುತ್ತಿದ್ದೇವೆ. ಈ ಸಲ 14 ಅಂಗಡಿಯವರು ಬರುತ್ತೇವೆ ಎಂದಿದ್ದಾರೆ. ಚೌಕಿಪೇಟೆಯಿಂದಲೂ ಇಬ್ಬರು ಕೇಳಿದ್ದಾರೆ. ಬಾಳೆಹಣ್ಣಿನ ಹುಡುಗನಿಗೂ ಹೇಳಿದ್ದೇನೆ. ಖಾತೆ ಪುಸ್ತಕ, ಒಂದು ಪೆನ್ನು ತಂದರೆ ಸಾಕು. ಟೀ ಅಜ್ಜನ ಕಡೆಯಿಂದ ಬರುತ್ತದೆ, ದುಡ್ಡು ಮಾತ್ರ ಅಲ್ಲೇ ಕೊಡಬೇಕು.

ಇಂತಿ,
ಪೈಪು ಅಂಗಡಿಯವಳು,
ಮಂಡಿಪೇಟೆ, ದಾವಣಗೆರೆ